ಮೈಯಲ್ಲಿರುವ ಗಾಯ, ಕಡತದಲ್ಲಿಲ್ಲದ ಗಾಯ: ಪರ್ಪಲ್ ಹಾರ್ಟ್ ಪದಕವನ್ನು ತಡವಾಗಿ ಕೇಳಿದರೆ ಏನಾಗುತ್ತದೆ?

1951ರ ಜೂನ್. ಕೊರಿಯಾ ಯುದ್ಧ ನಡೆಯುತ್ತಿತ್ತು. ಅಮೆರಿಕದ ಮಿನೆಸೋಟ ರಾಜ್ಯದಿಂದ ಹೋಗಿದ್ದ ಒಬ್ಬ ಯುವಕನ ಪ್ಲಟೂನ್ ಮೇಲೆ ಮೋರ್ಟಾರ್ ಷೆಲ್‌ಗಳು ಬಿದ್ದವು. ಒಂದು ಚೂರು ಆತನ ತೊಡೆಗೆ ಹೊಕ್ಕಿತು. ಪಕ್ಕದಲ್ಲಿದ್ದ ಮೆಡಿಕ್, ಅಂದರೆ ಗಾಯಾಳುಗಳನ್ನು ನೋಡಿಕೊಳ್ಳುವ ಸೈನಿಕ, ಬಂದು ಪಟ್ಟಿ ಕಟ್ಟಿದ. ಆ ಮೆಡಿಕ್ ಇದನ್ನು ಕಾಗದದಲ್ಲಿ ಬರೆದು ಮೇಲಕ್ಕೆ ಕಳಿಸುವ ಮೊದಲೇ ಸತ್ತುಹೋಗಿರಬೇಕು ಎಂದು ಆ ಸೈನಿಕ ಮುಂದೆ ಹೇಳುತ್ತಿದ್ದರು. ಷೆಲ್ಲಿನ ಚೂರು ಮಾತ್ರ ಅಲ್ಲೇ ಉಳಿಯಿತು. ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕ್ ನರಕ್ಕೆ ತೀರಾ ಹತ್ತಿರ ಇದ್ದದ್ದರಿಂದ ತೆಗೆಯೋದು ಅಪಾಯ ಅಂತ ಡಾಕ್ಟರುಗಳು ಕೈಬಿಟ್ಟರು.

ಆ ಮನುಷ್ಯ ಮನೆಗೆ ಬಂದರು, ಸಂಸಾರ ಮಾಡಿದರು, ಮುದುಕರಾದರು. ಯುದ್ಧದಲ್ಲಿ ಗಾಯಗೊಂಡವರಿಗೆ ಅಮೆರಿಕ ಕೊಡುವ ಪರ್ಪಲ್ ಹಾರ್ಟ್ ಪದಕವನ್ನು ಅವರು ಕೇಳಿರಲೇ ಇಲ್ಲ. ಕೊನೆಗೆ ಹೆಣ್ಣುಮಕ್ಕಳ ಒತ್ತಾಯಕ್ಕೆ 2020ರಲ್ಲಿ ಅರ್ಜಿ ಹಾಕಿದರು. 2023ರ ಏಪ್ರಿಲ್‌ನಲ್ಲಿ ಸೇನೆಯ ಮಂಡಳಿಯಿಂದ ಉತ್ತರ ಬಂತು: ದಾಖಲೆ ಸಾಲದು, ಅರ್ಜಿ ತಿರಸ್ಕೃತ. ಆಗ ಅವರಿಗೆ 96 ವರ್ಷ. ತೊಡೆಯೊಳಗೆ ಆ ಚೂರು ಇನ್ನೂ ಇತ್ತು.

ಮೊದಲ ಸಲ ಕೇಳಿದಾಗ ಯಾರಿಗಾದರೂ ಸಿಟ್ಟು ಬರುತ್ತದೆ. ಕಣ್ಣೆದುರಿಗೆ ಗಾಯ ಇರುವಾಗ ಕಾಗದ ಯಾಕೆ ಬೇಕು, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಆದರೆ ಈ ಪದಕದ ನಿಯಮ, ಅದರ ಕಾಗದಪತ್ರ, ಆ ಕಾಗದಪತ್ರಕ್ಕೆ ಒದಗಿದ ಗತಿ ಇವನ್ನೆಲ್ಲ ನೋಡುತ್ತ ಹೋದರೆ ತೊಡಕು ಎಲ್ಲಿದೆ ಅಂತ ತಿಳಿಯುತ್ತದೆ. ತಿಳಿದ ಮೇಲೂ ಆ ಅಜ್ಜನ ಪರವಾಗಿ ಹೊಟ್ಟೆ ಉರಿಯುವುದೇನೂ ಕಡಿಮೆಯಾಗುವುದಿಲ್ಲ.

ಪದಕದಿಂದಲೇ ಶುರುಮಾಡೋಣ. ನೇರಳೆ ಬಣ್ಣದ ಹೃದಯದ ಆಕಾರ, ಸುತ್ತ ಚಿನ್ನದ ಬಣ್ಣದ ಅಂಚು, ನಡುವೆ ಜಾರ್ಜ್ ವಾಷಿಂಗ್ಟನ್ನರ ಮುಖ. ಇದರ ಮೂಲ 1782ರ ಆಗಸ್ಟ್ 7ರದ್ದು. ಅಮೆರಿಕದ ಸ್ವಾತಂತ್ರ್ಯ ಸಮರ ಮುಗಿಯುತ್ತ ಬಂದಿದ್ದಾಗ, ನ್ಯೂಯಾರ್ಕ್ ರಾಜ್ಯದ ನ್ಯೂಬರ್ಗ್‌ನಲ್ಲಿ ಬೀಡುಬಿಟ್ಟಿದ್ದ ವಾಷಿಂಗ್ಟನ್ ಒಂದು ಆದೇಶ ಹೊರಡಿಸಿದರು. ವಿಶೇಷ ಸೇವೆ ಮಾಡಿದ ಸಾಮಾನ್ಯ ಸೈನಿಕ ತನ್ನ ಅಂಗಿಯ ಎಡ ಎದೆಯ ಮೇಲೆ ನೇರಳೆ ಬಟ್ಟೆಯ ಹೃದಯವೊಂದನ್ನು ಹೊಲಿಸಿಕೊಳ್ಳಬಹುದು ಅಂತ. ಆಗ ಅದು ಗಾಯಕ್ಕೆ ಸಂಬಂಧಪಟ್ಟದ್ದಲ್ಲ, ಸೇವೆಗೆ ಸಿಗುವ ಗೌರವ. ಅದನ್ನು ಪಡೆದವರೆಂದು ಖಚಿತವಾಗಿ ಗೊತ್ತಿರುವವರು ಮೂವರು ಸಾರ್ಜೆಂಟರು ಮಾತ್ರ. ಆಮೇಲೆ ಆ ಪದ್ಧತಿಯೇ ಮರೆತುಹೋಯಿತು.

ನೂರೈವತ್ತು ವರ್ಷದ ನಂತರ, 1932ರ ಫೆಬ್ರುವರಿ 22ರಂದು, ವಾಷಿಂಗ್ಟನ್ನರ ಇನ್ನೂರನೇ ಹುಟ್ಟುಹಬ್ಬದ ದಿನ ಸೇನಾ ಮುಖ್ಯಸ್ಥ ಜನರಲ್ ಡಗ್ಲಸ್ ಮೆಕಾರ್ಥರ್ ಅದನ್ನು ಮತ್ತೆ ಜಾರಿಗೆ ತಂದರು. ಅದೇ ವರ್ಷ ಮೇ 28ರಂದು ನ್ಯೂ ವಿಂಡ್ಸರ್ ಊರಿನ ಟೆಂಪಲ್ ಹಿಲ್‌ನಲ್ಲಿ ಸಮಾರಂಭ ನಡೆಯಿತು. ಪದಕ ಹಾಕಿಸಿಕೊಳ್ಳಲು ನಿಂತಿದ್ದ 137 ಜನರೆಲ್ಲ ಮೊದಲನೇ ಮಹಾಯುದ್ಧದಲ್ಲಿ ಕಾದಾಡಿ ಬಂದವರು. ಆ ಯುದ್ಧ ಮುಗಿದು ಆಗಲೇ ಹದಿಮೂರು ವರ್ಷ ಆಗಿತ್ತು. ಅಂದರೆ ಹೊಸ ರೂಪದ ಪರ್ಪಲ್ ಹಾರ್ಟ್ ಹುಟ್ಟಿದ್ದೇ ತಡವಾಗಿ. ಹಳೆಯ ಸೈನಿಕರು ಗಾಯಗೊಂಡದ್ದಕ್ಕೆ ಗುರುತಾಗಿ ಅಂಗಿಯ ತೋಳಿಗೆ ಹೊಲಿಸಿಕೊಂಡಿದ್ದ ಪಟ್ಟಿಯನ್ನೋ ಪ್ರಶಸ್ತಿ ಪತ್ರವನ್ನೋ ತೋರಿಸಿ, ಅರ್ಜಿ ಬರೆದು ಪಡೆದ ಪದಕ ಇದು. ತಡವಾಗಿ ಕೇಳುವವರನ್ನು ಅನುಮಾನದಿಂದ ನೋಡುವವರು ಈ ಒಂದು ಸಂಗತಿ ನೆನಪಿಟ್ಟುಕೊಂಡರೆ ಚೆನ್ನ.

ಗಾಯಕ್ಕೆ ಮಾತ್ರ ಈ ಪದಕ ಎಂಬ ನಿಯಮ ಗಟ್ಟಿಯಾದದ್ದು 1942ರಲ್ಲಿ. ಅದೇ ವರ್ಷ ಡಿಸೆಂಬರ್ 3ರಂದು ಅಧ್ಯಕ್ಷ ರೂಸ್‌ವೆಲ್ಟ್ ಇದನ್ನು ನೌಕಾಪಡೆ, ಮರೀನ್, ಕೋಸ್ಟ್ ಗಾರ್ಡ್‌ಗಳಿಗೂ ವಿಸ್ತರಿಸಿದರು.

ಬೇರೆ ಪದಕಗಳಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಶೌರ್ಯ ಪದಕ ಬೇಕಾದರೆ ಮೇಲಧಿಕಾರಿ ಶಿಫಾರಸು ಮಾಡಬೇಕು, ಅದನ್ನು ಇನ್ನೊಬ್ಬರು ತೂಗಿ ನೋಡಬೇಕು. ಪರ್ಪಲ್ ಹಾರ್ಟ್‌ಗೆ ಶಿಫಾರಸು ಬೇಡ. ಷರತ್ತು ಪೂರೈಸಿದರೆ ಅದು ಆ ಸೈನಿಕನ ಹಕ್ಕು. ಧೈರ್ಯವಾಗಿ ಮುನ್ನುಗ್ಗುವಾಗ ಗುಂಡು ತಗುಲಿತೋ, ಟ್ರೆಂಚಿನಲ್ಲಿ ಊಟ ಮಾಡುತ್ತಿದ್ದಾಗ ಷೆಲ್ ಬಿತ್ತೋ, ಯಾರೂ ಕೇಳುವುದಿಲ್ಲ. ಹೀಗಾಗಿ ಇದನ್ನು ಕೇಳಲು ಗಡುವೂ ಇಲ್ಲ. ಎಪ್ಪತ್ತು ವರ್ಷ ಬಿಟ್ಟು ಕೇಳಿದರೂ ತಡವಾಯಿತು ಎಂಬ ಒಂದೇ ಕಾರಣಕ್ಕೆ ಹಕ್ಕು ಹೋಗುವುದಿಲ್ಲ.

ಹಾಗಾದರೆ ಷರತ್ತು ಯಾವುದು? ಸೇನೆಯ ನಿಯಮದಲ್ಲಿ ಮುಖ್ಯವಾಗಿ ಮೂರು ಮಾತು ಇದೆ. ಗಾಯ ಶತ್ರುವಿನ ಕೈಯಿಂದ, ಅಥವಾ ಶತ್ರುವಿನ ಕಾರ್ಯಾಚರಣೆಯಿಂದ ಆಗಿರಬೇಕು. ಅದಕ್ಕೆ ವೈದ್ಯಕೀಯ ಸಿಬ್ಬಂದಿಯ ಚಿಕಿತ್ಸೆ ಬೇಕಾಗಿರಬೇಕು. ಆ ಚಿಕಿತ್ಸೆ ದಾಖಲೆಯಲ್ಲಿರಬೇಕು. ಮೊದಲಿನ ಎರಡು ಸೈನಿಕನ ಮೈಮೇಲೆ ನಡೆಯುವ ಸಂಗತಿ. ಮೂರನೆಯದು ಮಾತ್ರ ಬೇರೆ ಯಾರೋ ಮಾಡಬೇಕಾದ ಕೆಲಸ. ಅರ್ಜಿಗಳು ಬೀಳುವುದು ಹೆಚ್ಚಾಗಿ ಈ ಮೂರನೆಯದರಲ್ಲೇ.

ಶತ್ರುವಿನ ಕೈಯಿಂದ ಎಂಬ ಮಾತೂ ಅಂದುಕೊಂಡಷ್ಟು ಸರಳವಲ್ಲ. ಯುದ್ಧಭೂಮಿಯಲ್ಲಿ ಜೀಪು ಮಗುಚಿ ಸೊಂಟ ಮುರಿದರೆ ಪದಕ ಇಲ್ಲ. ಶತ್ರುವಿನ ಗುಂಡು ತಗುಲಿ ವಿಮಾನ ಕೆಳಗೆ ಬಿದ್ದು ಅದೇ ಸೊಂಟ ಮುರಿದರೆ ಪದಕ ಇದೆ. ಪ್ಯಾರಾಚೂಟಿನಲ್ಲಿ ಇಳಿಯುವಾಗ ಕಾಲು ಉಳುಕಿದರೆ ಇಲ್ಲ. ಬಿಸಿಲಿನ ಹೊಡೆತ, ಮಲೇರಿಯಾ, ಕೆಟ್ಟ ಊಟದಿಂದ ಬಂದ ಕಾಯಿಲೆ, ಇವು ಯಾವುವೂ ಇಲ್ಲ. ವಿಯೆಟ್ನಾಂನಲ್ಲಿ ಅಮೆರಿಕವೇ ಕಾಡಿನ ಮೇಲೆ ಸುರಿದ ಏಜೆಂಟ್ ಆರೆಂಜ್ ಎಂಬ ಎಲೆ ಉದುರಿಸುವ ವಿಷದಿಂದ ಕ್ಯಾನ್ಸರ್ ಬಂದರೂ ಇಲ್ಲ, ಯಾಕೆಂದರೆ ಅದನ್ನು ಸುರಿದದ್ದು ಶತ್ರುವಲ್ಲ.

ಚಳಿಯ ಕಥೆ ಇನ್ನೂ ವಿಚಿತ್ರ. ಹಿಮದಲ್ಲಿ ನಿಂತು ನಿಂತು ಕಾಲ್ಬೆರಳು ಮರಗಟ್ಟಿ, ಕಪ್ಪಾಗಿ, ಕೊನೆಗೆ ಕತ್ತರಿಸಬೇಕಾಗಿ ಬಂದವರು ಎಷ್ಟೋ ಜನ. ಎರಡನೇ ಮಹಾಯುದ್ಧದ ಕಾಲದ ನಿಯಮದಲ್ಲಿ, ಕಾದಾಟದಲ್ಲಿದ್ದಾಗ ಹೀಗೆ ತೀವ್ರವಾಗಿ ಆದರೆ ಪರ್ಪಲ್ ಹಾರ್ಟ್ ಕೊಡಲು ಅವಕಾಶ ಇತ್ತು. 1951ರಲ್ಲಿ ಅದನ್ನು ತೆಗೆದುಹಾಕಿದರು. ಒಂದೇ ಥರದ ಗಾಯ, ಒಂದೇ ಥರದ ಚಳಿ. ಆದರೆ ಯಾವ ವರ್ಷದ ನಿಯಮಪುಸ್ತಕ ಅನ್ವಯಿಸುತ್ತದೆ ಎನ್ನುವುದರ ಮೇಲೆ ತೀರ್ಮಾನ ಬದಲಾಗುತ್ತದೆ. ತಡವಾಗಿ ಅರ್ಜಿ ಹಾಕುವವರಿಗೆ ಇದು ಗೊತ್ತಿರಬೇಕು.

ನಿಯಮ ಸಡಿಲವಾದದ್ದೂ ಇದೆ. 1962ರ ಏಪ್ರಿಲ್ 25ಕ್ಕೆ ಮೊದಲು ಸೆರೆಯಲ್ಲಿದ್ದಾಗ ಗಾಯಗೊಂಡ ಯುದ್ಧಕೈದಿಗಳಿಗೂ ಇದನ್ನು ಕೊಡಬೇಕು ಎಂದು 1996ರಲ್ಲಿ ಕಾನೂನು ಬಂತು. ಮನಸ್ಸಿಗಾದ ಗಾಯವನ್ನು, ಅಂದರೆ ಪಿಟಿಎಸ್‌ಡಿಯನ್ನು, ಪರಿಗಣಿಸುವುದಿಲ್ಲ ಎಂದು ಅಮೆರಿಕದ ರಕ್ಷಣಾ ಇಲಾಖೆಯಾದ ಪೆಂಟಗನ್ 2009ರಲ್ಲಿ ಹೇಳಿತು. ಆದರೆ ಸ್ಫೋಟದ ಹೊಡೆತಕ್ಕೆ ಮಿದುಳಿಗೆ ಪೆಟ್ಟಾಗಿದ್ದರೆ, ಹೊರಗೆ ರಕ್ತ ಕಾಣದಿದ್ದರೂ ಪದಕ ಸಿಗಬಹುದು ಎಂದು 2011ರಲ್ಲಿ ಸೇನೆ ಸ್ಪಷ್ಟಪಡಿಸಿತು. 2020ರ ಜನವರಿ 8ರಂದು ಅಮೆರಿಕದ ಸೈನಿಕರಿದ್ದ ಇರಾಕ್‌ನ ಅಲ್ ಅಸದ್ ನೆಲೆಯ ಮೇಲೆ ಇರಾನ್ ಕ್ಷಿಪಣಿ ಹಾರಿಸಿತು. ಯಾರಿಗೂ ಏನೂ ಆಗಿಲ್ಲ ಎಂದು ಮೊದಲು ಹೇಳಿದರು. ವಾರಗಳು ಕಳೆದಂತೆ ತಲೆನೋವು, ಮರೆವು, ತಲೆಸುತ್ತು ಅಂತ ಒಬ್ಬೊಬ್ಬರೇ ಹೇಳತೊಡಗಿದರು. ಕೊನೆಗೆ ನೂರಕ್ಕೂ ಹೆಚ್ಚು ಜನರ ಮಿದುಳಿಗೆ ಪೆಟ್ಟಾಗಿದ್ದು ಗೊತ್ತಾಯಿತು. ಮೊದಲ ಸುತ್ತಿನಲ್ಲಿ 29 ಜನರಿಗೆ ಪದಕ ಸಿಕ್ಕಿತು. ಇನ್ನೂ 39 ಜನರಿಗೆ ಮಂಜೂರಾಗಲು 2021ರ ಡಿಸೆಂಬರ್ ಬರಬೇಕಾಯಿತು. ಕಂಪ್ಯೂಟರ್ ಕಾಲದಲ್ಲೇ ಇಷ್ಟು ತಡವಾದರೆ ಪೆನ್ಸಿಲಿನ ಕಾಲದಲ್ಲಿ ಹೇಗಿದ್ದಿರಬೇಕು!

ಆ ಪೆನ್ಸಿಲಿನ ಕಾಲವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ.

ಎರಡನೇ ಮಹಾಯುದ್ಧದಲ್ಲೂ ಕೊರಿಯಾದಲ್ಲೂ ಗಾಯದ ದಾಖಲೆ ಹುಟ್ಟುತ್ತಿದ್ದದ್ದು ಒಂದು ಸಣ್ಣ ಚೀಟಿಯಲ್ಲಿ. ಅದಕ್ಕೆ ಎಮರ್ಜೆನ್ಸಿ ಮೆಡಿಕಲ್ ಟ್ಯಾಗ್ ಎನ್ನುತ್ತಿದ್ದರು. ಮೆಡಿಕ್‌ನ ಚೀಲದಲ್ಲಿ ಇವುಗಳ ಒಂದು ಪುಟ್ಟ ಪುಸ್ತಕ ಇರುತ್ತಿತ್ತು. ಗಾಯಾಳುವಿನ ಹೆಸರು, ಸೈನಿಕ ಸಂಖ್ಯೆ, ಎಲ್ಲಿ ಏಟು, ಏನು ಔಷಧ ಕೊಟ್ಟೆ, ಮಾರ್ಫಿನ್ ಕೊಟ್ಟಿದ್ದರೆ ಎಷ್ಟು ಗಂಟೆಗೆ ಎಂಬುದನ್ನು ಗೀಚಿ, ಚೀಟಿಯನ್ನು ಅಂಗಿಯ ಗುಂಡಿಗೆ ಕಟ್ಟಬೇಕು. ಗುಂಡಿನ ಗಾಯವೋ ಷೆಲ್ಲಿನ ಚೂರಿನ ಗಾಯವೋ ಅನ್ನುವುದಕ್ಕೆ ಮೂರಕ್ಷರದ ಸಂಕೇತ. ಮಳೆ, ಕೆಸರು, ಕತ್ತಲೆ, ಮೇಲೆ ಗುಂಡಿನ ಸುರಿಮಳೆ. ಪಕ್ಕದಲ್ಲಿ ಇನ್ನೊಬ್ಬ ಕೂಗುತ್ತಿರುತ್ತಾನೆ. ತೊಡೆಗೆ ಸಣ್ಣ ಚೂರು ಹೊಕ್ಕವನಿಗೆ ಪಟ್ಟಿ ಸುತ್ತಿ, ಚೀಟಿ ಬರೆಯದೆ, ಹೊಟ್ಟೆ ಒಡೆದವನ ಕಡೆ ಮೆಡಿಕ್ ಓಡಿದರೆ ತಪ್ಪು ಅನ್ನಲಾದೀತೇ?

ಗಾಯಾಳುವನ್ನು ಹಿಂದಕ್ಕೆ ಸಾಗಿಸಿದರೆ ದಾಖಲೆ ಬೆಳೆಯುತ್ತ ಹೋಗುತ್ತದೆ. ಏಡ್ ಸ್ಟೇಷನ್‌ನಲ್ಲಿ ಒಂದು ನಮೂದು, ಫೀಲ್ಡ್ ಆಸ್ಪತ್ರೆಯಲ್ಲಿ ಒಂದು ಕಾರ್ಡು, ದೊಡ್ಡ ಆಸ್ಪತ್ರೆಯಲ್ಲಿ ಕಡತ. ಅವನ ಕಂಪನಿಯಲ್ಲಿ, ಅಂದರೆ ಸೇನಾ ತುಕಡಿಯಲ್ಲಿ, ದಿನಾ ಬೆಳಿಗ್ಗೆ ಬರೆಯುವ ಮಾರ್ನಿಂಗ್ ರಿಪೋರ್ಟ್‌ನಲ್ಲೂ ಹೆಸರು ಬರುತ್ತದೆ. ಯಾಕೆಂದರೆ ಅದು ತಲೆ ಎಣಿಕೆಯ ಪುಸ್ತಕ. ನಿನ್ನೆ ಇದ್ದವನು ಇವತ್ತು ಇಲ್ಲದಿದ್ದರೆ ಎಲ್ಲಿಗೆ ಹೋದ ಅಂತ ಕಾರಣ ಬರೆಯಬೇಕು. ಮನೆಗೆ ಟೆಲಿಗ್ರಾಂ ಹೋಗುತ್ತದೆ. ನಮ್ಮ ನಿಮ್ಮ ಊರಿನಂತೆ ಅಲ್ಲೂ ಟೆಲಿಗ್ರಾಂ ಬಂತೆಂದರೆ ಬಾಗಿಲು ತೆರೆಯುವ ಮೊದಲೇ ಎದೆ ಒಡೆಯುತ್ತಿತ್ತು.

ಆದರೆ ಪಟ್ಟಿ ಕಟ್ಟಿಸಿಕೊಂಡು ಅಲ್ಲೇ ಉಳಿದು ಕಾದಾಡಿದವನ ಕಥೆ ಬೇರೆ. ತಲೆ ಎಣಿಕೆಯಲ್ಲಿ ಅವನು ಇದ್ದಾನೆ. ಹಾಗಾಗಿ ಮಾರ್ನಿಂಗ್ ರಿಪೋರ್ಟ್‌ನಲ್ಲಿ ಅವನ ಹೆಸರೇ ಬರುವುದಿಲ್ಲ. ಆಸ್ಪತ್ರೆ ಕಾರ್ಡು ಇಲ್ಲ, ಟೆಲಿಗ್ರಾಂ ಇಲ್ಲ. ಜೊತೆಯವರನ್ನು ಬಿಟ್ಟು ಹೋಗಲಾರೆ ಅಂತ ನಿಂತವನಿಗೇ ಕಾಗದ ಇಲ್ಲದಂತಾಯಿತು. ಇಡೀ ವಿಷಯದಲ್ಲಿ ನನ್ನ ಮನಸ್ಸಿಗೆ ಜಾಸ್ತಿ ನಾಟಿದ್ದು ಇದೇ.

ವಿಯೆಟ್ನಾಂನಲ್ಲಿ ಇನ್ನೊಂದು ಥರದ ಎಡವಟ್ಟು ನಡೆಯಿತು. ಅಲ್ಲಿ ಆಸ್ಪತ್ರೆಯ ಕಮಾಂಡರುಗಳಿಗೇ ಪರ್ಪಲ್ ಹಾರ್ಟ್ ಕೊಡುವ ಅಧಿಕಾರ ಇತ್ತು. ಹಾಸಿಗೆ ಹತ್ತಿರ ಬಂದು, ದಿಂಬಿಗೋ ಹೊದಿಕೆಗೋ ಪದಕ ಸಿಕ್ಕಿಸಿ, ಕೈಕುಲುಕಿ ಹೋಗುತ್ತಿದ್ದರು. ಗಾಯಾಳು ಜಪಾನ್‌ಗೋ ಅಮೆರಿಕಕ್ಕೋ ಸಾಗಿದ. ಆದೇಶದ ಪ್ರತಿ ಅವನ ಕಡತ ಸೇರಲಿಲ್ಲ. ಪದಕ ಮನೆಯ ಬೀರುವಿನಲ್ಲಿದೆ, ಸರ್ಕಾರದ ಲೆಕ್ಕದಲ್ಲಿ ಇಲ್ಲ! ಅಂದಹಾಗೆ, ಇದುವರೆಗೆ ಪರ್ಪಲ್ ಹಾರ್ಟ್ ಯಾರ್ಯಾರಿಗೆ ಸಿಕ್ಕಿದೆ ಎಂಬ ಪೂರ್ತಿ ಪಟ್ಟಿ ಅಮೆರಿಕ ಸರ್ಕಾರದ ಬಳಿಯೇ ಇಲ್ಲ. ನ್ಯೂ ವಿಂಡ್ಸರ್‌ನಲ್ಲಿ ಅದಕ್ಕೊಂದು ಗೌರವ ಭವನ ಇದೆ, 2006ರಲ್ಲಿ ತೆರೆದದ್ದು. ಅಲ್ಲಿನವರು ಸೈನಿಕರಿಂದ, ಮನೆಯವರಿಂದ ವಿವರ ಕೇಳಿ ಪಡೆದು ಒಂದೊಂದೇ ಹೆಸರು ಸೇರಿಸುತ್ತಿದ್ದಾರೆ.

ಇಷ್ಟೆಲ್ಲ ದಾಟಿ ಕಾಗದ ಹುಟ್ಟಿತು, ಕಡತಕ್ಕೂ ಸೇರಿತು ಅಂದುಕೊಳ್ಳಿ. ಆ ಕಡತ ಎಲ್ಲಿತ್ತು?

ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಪಕ್ಕದ ಓವರ್‌ಲ್ಯಾಂಡ್ ಎಂಬಲ್ಲಿ ಆರು ಮಹಡಿಯ ದೊಡ್ಡ ಕಟ್ಟಡ ಇತ್ತು. ಅಮೆರಿಕದ ಸೇನಾ ಸಿಬ್ಬಂದಿಯ ಕಡತಗಳನ್ನೆಲ್ಲ ಅಲ್ಲಿ ರಟ್ಟಿನ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟಿದ್ದರು. ಕಡತಗಳ ಕೋಣೆಗಳಲ್ಲಿ ಬೆಂಕಿ ಆರಿಸುವ ನೀರಿನ ಸ್ಪ್ರಿಂಕ್ಲರ್‌ಗಳಿರಲಿಲ್ಲ. 1973ರ ಜುಲೈ 12ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಆರನೇ ಮಹಡಿಯಲ್ಲಿ ಬೆಂಕಿ ಹತ್ತಿತು. ಹೇಗೆ ಹತ್ತಿತು ಎಂಬುದು ಕೊನೆವರೆಗೂ ಪತ್ತೆಯಾಗಲಿಲ್ಲ. ಸುಮಾರು 22 ಗಂಟೆ ಹತೋಟಿಗೆ ಸಿಗದೆ ಉರಿಯಿತು. ಪೂರ್ತಿ ಆರಿತು ಎಂದು ಘೋಷಿಸಿದ್ದು ಜುಲೈ 16ಕ್ಕೆ.

ನಾಶವಾದದ್ದು 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷ ಕಡತಗಳು. 1912ರ ನವೆಂಬರ್‌ನಿಂದ 1960ರ ಜನವರಿವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ನೂರಕ್ಕೆ ಎಂಬತ್ತು ಹೋದವು. ಅಂದರೆ ಎರಡು ಮಹಾಯುದ್ಧ ಮತ್ತು ಕೊರಿಯಾ ಯುದ್ಧ, ಮೂರರ ಸೈನಿಕರದ್ದೂ. ವಾಯುಪಡೆಯಲ್ಲಿ 1947ರಿಂದ 1964ರ ಆರಂಭದವರೆಗೆ ಬಿಡುಗಡೆಯಾದವರ ಪೈಕಿ ನೂರಕ್ಕೆ ಎಪ್ಪತ್ತೈದು. ಅದೂ ಅಕಾರಾದಿಯಲ್ಲಿ ಹಬರ್ಡ್ ಎಂಬ ಹೆಸರಿನ ನಂತರದವು ಮಾತ್ರ. ಹೆಸರು ಎ ಅಕ್ಷರದಿಂದ ಶುರುವಾದವನ ಕಡತ ಉಳಿಯಿತು, ಡಬ್ಲ್ಯೂ ಅಕ್ಷರದವನದು ಸುಟ್ಟಿತು. ಯಾವುದಕ್ಕೂ ಎರಡನೇ ಪ್ರತಿ ಇರಲಿಲ್ಲ. ಮೈಕ್ರೋಫಿಲ್ಮ್ ಮಾಡಿರಲಿಲ್ಲ. ಯಾವ ಕಡತಗಳಿದ್ದವು ಎಂಬ ಸೂಚಿಯೂ ಇರಲಿಲ್ಲ.

ಉಳಿದವೂ ನೀರಲ್ಲಿ ನೆನೆದಿದ್ದವು. ಜುಲೈ ತಿಂಗಳ ಸೆಕೆ, ಒದ್ದೆ ಕಾಗದ. ಬೂಸು ಹಿಡಿಯಲು ಎಷ್ಟು ಹೊತ್ತು ಬೇಕು? ಬೂಸು ತಡೆಯಲು ಥೈಮಾಲ್ ಎಂಬ ರಾಸಾಯನಿಕ ಸಿಂಪಡಿಸಿದರು. ಒದ್ದೆ ಕಡತಗಳನ್ನು ಹಾಲಿನ ಪ್ಯಾಕೆಟ್ ಸಾಗಿಸುವಂಥ ಪ್ಲಾಸ್ಟಿಕ್ ಕ್ರೇಟುಗಳಿಗೆ ತುಂಬಿ, ಅದೇ ಊರಿನ ಮೆಕ್‌ಡೊನಲ್ ಡಗ್ಲಸ್ ವಿಮಾನ ಕಂಪನಿಗೆ ಒಯ್ದರು. ಅಲ್ಲಿ ಗಾಳಿಯನ್ನು ಪೂರ್ತಿ ಹೊರಗೆಳೆಯಬಲ್ಲ ದೊಡ್ಡ ಕೋಣೆ ಇತ್ತು, ಬಾಹ್ಯಾಕಾಶದ ಪರೀಕ್ಷೆಗೆಂದು ಕಟ್ಟಿದ್ದು. ಒಂದು ಸಲಕ್ಕೆ ಸುಮಾರು 2,000 ಕ್ರೇಟು ಒಳಗಿಟ್ಟು ಒಣಗಿಸಿದರೆ ಎಂಟು ಟನ್ನಿನಷ್ಟು ನೀರು ಹೊರಬರುತ್ತಿತ್ತು. ಹೀಗೆ ಸುಮಾರು 65 ಲಕ್ಷ ಕಡತಗಳನ್ನು ಉಳಿಸಿಕೊಂಡರು. ಅಂಚು ಕರಿಕಲಾದ, ಮುಟ್ಟಿದರೆ ಪುಡಿಯಾಗುವ ಹಾಳೆಗಳನ್ನು ಇವತ್ತಿಗೂ ಕೈಗವಸು ಹಾಕಿಕೊಂಡು ಬಿಡಿಸಿ ನೋಡುವ ಸಿಬ್ಬಂದಿ ದಾಖಲೆ ಕೇಂದ್ರದಲ್ಲಿದ್ದಾರೆ.

ಇನ್ನು, ಇಷ್ಟು ವರ್ಷ ಸುಮ್ನೆ ಇದ್ದು ಈಗ ಯಾಕೆ ಕೇಳುತ್ತಾರೆ ಎಂಬ ಪ್ರಶ್ನೆ. ಇದನ್ನು ಕೇಳುವವರಿಗೆ ಯುದ್ಧದಿಂದ ಬಂದವರ ಮನಸ್ಸು ಗೊತ್ತಿರುವುದಿಲ್ಲ. ಪಕ್ಕದವನು ಸತ್ತಿರುವಾಗ ತನ್ನ ತೊಡೆಯ ಗಾಯಕ್ಕೆ ಪದಕ ಕೇಳಲು ಎಷ್ಟೋ ಜನರಿಗೆ ನಾಚಿಕೆ. ಮನೆ ಸೇರಿದರೆ ಸಾಕು ಅಂತ ಬಿಡುಗಡೆ ಪತ್ರವನ್ನು ಓದದೆಯೇ ಸಹಿ ಹಾಕಿದವರಿದ್ದಾರೆ. ಆಮೇಲೆ ಕೆಲಸ, ಮಕ್ಕಳು, ಸಾಲ. ಎಂಬತ್ತು ದಾಟಿದ ಮೇಲೆ ಮೊಮ್ಮಗಳು ಕಾಲಿನ ಕಲೆ ನೋಡಿ ಇದೇನು ತಾತ ಅನ್ನುತ್ತಾಳೆ. ಆಗ ಕಥೆ ಹೊರಗೆ ಬರುತ್ತದೆ.

ದುಡ್ಡಿನಾಸೆ ಇರಬಹುದಾ? ಈ ಪದಕಕ್ಕೆ ಪ್ರತ್ಯೇಕ ಪಿಂಚಣಿ ಇಲ್ಲ. ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಆದ್ಯತೆ ಸಿಗುತ್ತದೆ, ಕೆಲವು ಶುಲ್ಕ ಮಾಫಿಯಾಗುತ್ತದೆ. 2001ರ ಸೆಪ್ಟೆಂಬರ್ 11ರ ನಂತರ ಗಾಯಗೊಂಡು ಪದಕ ಪಡೆದವರಿಗೆ ಓದಿನ ಖರ್ಚಿನ ಪೂರ್ತಿ ಸೌಲಭ್ಯ ಇದೆ. 1945ರಲ್ಲಿ ಮಾತ್ರ ಇದಕ್ಕೆ ಇನ್ನೊಂದು ಬೆಲೆ ಇತ್ತು. ಯಾರನ್ನು ಮೊದಲು ಮನೆಗೆ ಕಳಿಸಬೇಕು ಎಂದು ಲೆಕ್ಕಹಾಕಲು ಅಂಕ ಕೊಡುತ್ತಿದ್ದರು. 85 ಅಂಕ ಆದರೆ ಊರಿಗೆ ಹೊರಡಬಹುದು. ಒಂದು ಪರ್ಪಲ್ ಹಾರ್ಟ್‌ಗೆ 5 ಅಂಕ. ತೊಂಬತ್ತಾರರ ಅಜ್ಜನಿಗೆ ಇವು ಯಾವುದರಿಂದಲೂ ಹೇಳಿಕೊಳ್ಳುವಂಥ ಲಾಭ ಇಲ್ಲ. ನನಗೆ ಹೀಗಾಗಿತ್ತು, ಅದನ್ನು ನೀವು ಒಪ್ಪಿಕೊಳ್ಳಿ. ಅವರು ಕೇಳುವುದು ಅಷ್ಟೇ.

ಅರ್ಜಿಯ ದಾರಿ ಹೀಗಿದೆ. ಮೊದಲು ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಎಸ್‌ಎಫ್ 180 ಎಂಬ ನಮೂನೆ ಕಳಿಸಿ ಕಡತದ ಪ್ರತಿ ಕೇಳಬೇಕು. ಸೈನಿಕ ತೀರಿಕೊಂಡಿದ್ದರೆ ಹತ್ತಿರದ ಸಂಬಂಧಿಕರು ಕೇಳಬಹುದು. ಬಿಡುಗಡೆ ಪತ್ರ ಮೊದಲು ನೋಡಬೇಕಾದ ಕಾಗದ. ಎರಡನೇ ಮಹಾಯುದ್ಧದವರ ಪತ್ರದಲ್ಲೂ, 1950ರಿಂದ ಬಂದ ಡಿಡಿ 214 ಎಂಬ ಬಿಡುಗಡೆ ನಮೂನೆಯ ಮೊದಲ ರೂಪದಲ್ಲೂ ಕಾದಾಟದಲ್ಲಿ ಆದ ಗಾಯ ಎಂಬ ಒಂದು ಅಂಕಣ ಇರುತ್ತಿತ್ತು. ಅಲ್ಲಿ ದಿನಾಂಕ, ಊರು ಬರೆದಿದ್ದರೆ ಅರ್ಧ ಕೆಲಸ ಆದಂತೆ. ಇಲ್ಲ ಎಂದು ಟೈಪ್ ಮಾಡಿದ್ದರೆ ಕಷ್ಟ.

ಕಾಗದ ಸಿಕ್ಕಿದರೆ ಭೂಸೇನೆಯವರು ಪದಕ ವಿಭಾಗಕ್ಕೆ ಬರೆಯಬೇಕು. ಅಲ್ಲಿ ಆಗಲಿಲ್ಲ ಎಂದರೆ ದಾಖಲೆ ತಿದ್ದುಪಡಿ ಮಂಡಳಿಗೆ ಡಿಡಿ 149 ನಮೂನೆಯಲ್ಲಿ ಅರ್ಜಿ. ಶುಲ್ಕ ಇಲ್ಲ. ಪದಕಕ್ಕೆ ಗಡುವಿಲ್ಲದಿದ್ದರೂ ಮಂಡಳಿಗೆ ಒಂದು ಗಡುವಿದೆ: ತಪ್ಪು ಗೊತ್ತಾದ ಮೂರು ವರ್ಷದೊಳಗೆ ಬರಬೇಕು ಎಂದು ನಿಯಮಪುಸ್ತಕದಲ್ಲಿದೆ. ನ್ಯಾಯ ಸಿಗಬೇಕು ಅನ್ನಿಸಿದರೆ ಮಂಡಳಿ ಆ ಗಡುವನ್ನು ಬದಿಗಿಡಬಹುದು. ಸಂಸದರ ಮೂಲಕ ಕೇಳುವ ದಾರಿಯೂ ಇದೆ. ಸೆನೆಟರುಗಳ ಕಚೇರಿಗಳಲ್ಲಿ ಇದಕ್ಕೆಂದೇ ಸಿಬ್ಬಂದಿ ಇರುತ್ತಾರೆ.

ಮಂಡಳಿ ಹೇಗೆ ಯೋಚಿಸುತ್ತದೆ ಎಂಬುದು ತಿಳಿಯದಿದ್ದರೆ ಅರ್ಜಿ ಬರೆಯುವುದೇ ತಪ್ಪಾಗುತ್ತದೆ. ಆವತ್ತಿನ ಅಧಿಕಾರಿಗಳು ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು ಎಂದು ನಂಬಿಕೊಂಡೇ ಅವರು ಶುರುಮಾಡುತ್ತಾರೆ. ಹಾಗೆ ಮಾಡಿರಲಿಲ್ಲ ಎಂದು ತೋರಿಸುವ ಹೊಣೆ ಅರ್ಜಿದಾರನದು. ಸಂದೇಹಕ್ಕೆ ಎಡೆಯೇ ಇಲ್ಲದಂಥ ಸಾಕ್ಷಿ ಬೇಕಿಲ್ಲ. ತಕ್ಕಡಿ ಸ್ವಲ್ಪವಾದರೂ ಅರ್ಜಿದಾರನ ಕಡೆ ವಾಲಬೇಕು. ಸೈನಿಕನ ಸ್ವಂತ ಮಾತು, ಎಷ್ಟೇ ನಿಜವಿದ್ದರೂ, ಅದೊಂದೇ ಸಾಲುವುದಿಲ್ಲ. ಕಾಲಿನಲ್ಲಿ ಲೋಹದ ಚೂರು ಇದೆ ಎನ್ನುವ ಎಕ್ಸ್‌ರೇ ಗಾಯವನ್ನು ತೋರಿಸುತ್ತದೆ. ಆದರೆ ಅದು ಯಾರ ಷೆಲ್, ಯಾವ ದಿನ, ಯಾರು ಪಟ್ಟಿ ಕಟ್ಟಿದರು ಎಂದು ಎಕ್ಸ್‌ರೇ ಹೇಳುವುದಿಲ್ಲ. ಮಿನೆಸೋಟದ ಆ ಅಜ್ಜನ ಗಾಯ ಯುದ್ಧದಲ್ಲೇ ಆಗಿರಬೇಕು ಎಂದು ಮಾಜಿ ಸೈನಿಕರ ಆಸ್ಪತ್ರೆಯ ಡಾಕ್ಟರುಗಳು 2005ರಲ್ಲೇ ಒಪ್ಪಿದ್ದರು. ಆದರೂ ಮಂಡಳಿ ಒಪ್ಪಿರಲಿಲ್ಲ.

ಮಂಡಳಿ ಇಷ್ಟು ಬಿಗಿಯಾಗಿರಲು ಕಾರಣ ಇದೆ. ಸುಳ್ಳು ಪದಕ ಹಾಕಿಕೊಂಡು ತಿರುಗುವವರಿದ್ದಾರೆ. ಅದಕ್ಕೆಂದು ಅಮೆರಿಕ 2006ರಲ್ಲಿ ಒಂದು ಕಾನೂನು ಮಾಡಿತು, 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು, 2013ರಲ್ಲಿ ಲಾಭಕ್ಕಾಗಿ ಸುಳ್ಳು ಹೇಳುವುದನ್ನು ಮಾತ್ರ ಅಪರಾಧವಾಗಿಸಿ ಮತ್ತೆ ಮಾಡಿದರು. ಬಾಯಿಮಾತಿಗೆ ಪದಕ ಕೊಟ್ಟರೆ ನಿಜವಾಗಿ ಗಾಯಗೊಂಡವರ ಪದಕದ ತೂಕ ಇಳಿಯುತ್ತದೆ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಸರ್ಕಾರದ ಕಟ್ಟಡದಲ್ಲಿ, ಸರ್ಕಾರದ ಕೈಯಲ್ಲಿದ್ದಾಗ ಸುಟ್ಟುಹೋದ ಕಾಗದಕ್ಕೆ ಸೈನಿಕನನ್ನು ಹೊಣೆ ಮಾಡುವುದು ಸರಿಯಲ್ಲ. ಅಂಥ ಅರ್ಜಿಗಳಲ್ಲಿ ಅನುಮಾನದ ಲಾಭ ಅವನಿಗೇ ಸಿಗಬೇಕು.

ಕಡತ ಸುಟ್ಟಿದ್ದರೂ ದಾರಿಗಳು ಪೂರ್ತಿ ಮುಚ್ಚಿಲ್ಲ. ಮಾರ್ನಿಂಗ್ ರಿಪೋರ್ಟ್‌ಗಳು ವ್ಯಕ್ತಿಯ ಕಡತದಲ್ಲಿ ಇರುವುದಿಲ್ಲ, ತುಕಡಿಯ ದಾಖಲೆಯಲ್ಲಿರುತ್ತವೆ. ಕಂಪನಿಯ ಹೆಸರು, ತಿಂಗಳು ಗೊತ್ತಿದ್ದರೆ ಹುಡುಕಿಸಬಹುದು. ಸಂಬಳದ ಓಚರುಗಳಿವೆ. 1988ರಲ್ಲಿ ಇನ್ನೊಂದು ನಿಧಿ ಸಿಕ್ಕಿತು. 1942ರಿಂದ 45 ಮತ್ತು 1950ರಿಂದ 54ರ ನಡುವೆ ಸೇನಾ ಆಸ್ಪತ್ರೆಗಳಿಗೆ ಸೇರಿದವರ ಸುಮಾರು ಒಂದು ಕೋಟಿ ನಮೂದುಗಳಿದ್ದ ಹಳೆಯ ಕಂಪ್ಯೂಟರ್ ಟೇಪುಗಳು. ಸೇನೆಯ ಸರ್ಜನ್ ಜನರಲ್ ಕಚೇರಿ ಅಂಕಿಅಂಶಕ್ಕೆಂದು ಮಾಡಿಸಿದ್ದವು. ಅವುಗಳಲ್ಲಿ ಹೆಸರಿಲ್ಲ, ಸೈನಿಕ ಸಂಖ್ಯೆ ಮಾತ್ರ ಇದೆ. ಎಲ್ಲರದ್ದೂ ಇಲ್ಲ. ಆದರೆ ತಾತನ ಸಂಖ್ಯೆ ಅಲ್ಲಿ ಸಿಕ್ಕಿ, ಪಕ್ಕದಲ್ಲಿ ಷೆಲ್ ಚೂರಿನ ಗಾಯ, ತಿಂಗಳು, ವರ್ಷ ಕಂಡರೆ ಮನೆಯವರಿಗೆ ಹೇಗನ್ನಿಸಬೇಡ!

ಅದಲ್ಲದೆ ಜೊತೆಗಿದ್ದವರ ಹೇಳಿಕೆ ಇದೆ. ಕಣ್ಣಾರೆ ಕಂಡವರು ಬರೆದುಕೊಟ್ಟರೆ ಮಂಡಳಿ ಪರಿಗಣಿಸುತ್ತದೆ. ಅವರಿಗೆ ಹೇಗೆ ಗೊತ್ತು, ಎಲ್ಲಿ ನಿಂತಿದ್ದರು, ಏನು ಕಂಡರು ಎಂಬುದು ಇರಬೇಕು. ಒಳ್ಳೆಯ ಮನುಷ್ಯ, ಸುಳ್ಳು ಹೇಳುವವನಲ್ಲ ಎಂಬ ಪತ್ರದಿಂದ ಏನೂ ಆಗದು. ಆವತ್ತು ಮನೆಗೆ ಬರೆದ ಪತ್ರ, ಆವತ್ತಿನ ಟೆಲಿಗ್ರಾಂ, ಊರಿನ ಪತ್ರಿಕೆಯಲ್ಲಿ ಬಂದ ನಾಲ್ಕು ಸಾಲು, ಆಸ್ಪತ್ರೆಯಲ್ಲಿ ತೆಗೆದ ಫೋಟೋ, ಇವಕ್ಕೆ ಬೆಲೆ ಜಾಸ್ತಿ. ಪದಕದ ಯೋಚನೆಯೇ ಇಲ್ಲದ ಕಾಲದಲ್ಲಿ ಬರೆದದ್ದು ಅನ್ನುವುದೇ ಅವುಗಳ ಬಲ. ಕಷ್ಟ ಏನೆಂದರೆ 96 ವಯಸ್ಸಿಗೆ ಜೊತೆಗಾರರಲ್ಲಿ ಉಳಿದಿರುವವರು ಯಾರು?

ನಮ್ಮಲ್ಲೂ ಇಂಥ ಪದಕ ಇದೆ. ಶತ್ರುವಿನ ನೇರ ದಾಳಿಯಲ್ಲಿ ಗಾಯಗೊಂಡ ಯೋಧರಿಗೆ ಕೊಡುವ ಪರಾಕ್ರಮ ಪದಕ, ವೂಂಡ್ ಮೆಡಲ್ ಅಂತಲೂ ಹೆಸರು. ನಮ್ಮ ಸೇನೆಯಲ್ಲೂ ಬ್ಯಾಟಲ್ ಕ್ಯಾಶುವಲ್ಟಿ (ಕಾದಾಟದಲ್ಲಿ ಗಾಯ) ಎಂದು ಬರೆದರೋ ಫಿಸಿಕಲ್ ಕ್ಯಾಶುವಲ್ಟಿ (ಬೇರೆ ಕಾರಣದ ಗಾಯ) ಎಂದು ಬರೆದರೋ ಎನ್ನುವುದರ ಮೇಲೆ ಪಿಂಚಣಿಯೇ ಬದಲಾಗುತ್ತದೆ. ಬದುಕಿದ್ದೇನೆ ಎಂದು ತೋರಿಸಲು ಪ್ರತಿ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಕೊಡುವ ನಿವೃತ್ತ ಯೋಧರಿಗೆ ಈ ಕಾಗದದ ಪಾಡು ಬಿಡಿಸಿ ಹೇಳಬೇಕಿಲ್ಲ. ಕೊಡಗಿನಲ್ಲಿ, ಬೆಳಗಾವಿ ಕಡೆ ಇಂಥವರು ಇರುವ ಮನೆಗಳು ಬೇಕಾದಷ್ಟಿವೆ. ಕಾಲಿನ ಆ ಕಲೆ ಎಲ್ಲಿ ಆದದ್ದು, ಯಾವ ತಿಂಗಳು, ಪಕ್ಕದಲ್ಲಿ ಯಾರಿದ್ದರು ಅಂತ ಈ ವಾರವೇ ಕೇಳಿ, ಅವರ ಕೈಯಲ್ಲೇ ಬರೆಸಿ, ದಿನಾಂಕ ಹಾಕಿಸಿ ಇಟ್ಟುಕೊಳ್ಳಿ. ಡಿಸ್‌ಚಾರ್ಜ್ ಬುಕ್ಕಿನ ಪ್ರತಿಯನ್ನೂ ತೆಗೆಸಿಡಿ. ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಲು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯವರು ದಾರಿ ತೋರಿಸುತ್ತಾರೆ.

ಮಿನೆಸೋಟದ ಅಜ್ಜ ಸುಮ್ಮನೆ ಕೂರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಕೋರ್ಟಿಗೆ ಹೋದರು. ಅವರ ರಾಜ್ಯದ ಸೆನೆಟರ್ ಏಮಿ ಕ್ಲೋಬುಚಾರ್ ಜೊತೆಗೆ ನಿಂತರು. 2024ರ ಮೇನಲ್ಲಿ ಸೇನೆ ಒಪ್ಪಿತು. ಷೆಲ್ ಬಿದ್ದು 73 ವರ್ಷದ ನಂತರ ಅವರ ಎದೆಗೆ ಆ ನೇರಳೆ ಹೃದಯ ಏರಿತು. ಪದಕದ ಹಿಂಬದಿಯಲ್ಲಿ ಸೇನಾ ಅರ್ಹತೆಗಾಗಿ ಎಂಬ ಅರ್ಥದ ಮೂರು ಇಂಗ್ಲಿಷ್ ಪದಗಳಿವೆ. ಅವುಗಳ ಕೆಳಗೆ ಗಾಯಗೊಂಡವನ ಹೆಸರು ಕೊರೆಯಲು ಸ್ವಲ್ಪ ಜಾಗ ಬಿಟ್ಟಿರುತ್ತಾರೆ.